ಸಹಾಯ ಬೇಕು: ಈ ಟೆಲಿಕಾಂ ಷೇರು ನಿಜವಾಗಿಯೂ ಅಗ್ಗವೇ?

ಎಲ್ಲರಿಗೂ ನಮಸ್ಕಾರ. ದೊಡ್ಡ ಟೆಲಿಕಾಂ ಕಂಪನಿಯೊಂದರ ಷೇರು ವರ್ಷಗಳಿಂದ ನನ್ನ ಹತ್ತಿರ ಇದೆ. ಗ್ರಾಹಕರು ಜಾಸ್ತಿಯಾಗುತ್ತಿದ್ದಾರೆ, ಆದಾಯವೂ ಏರುತ್ತಿದೆ. ಷೇರಿನ ಬೆಲೆ ಮಾತ್ರ ಪುಸ್ತಕ ಮೌಲ್ಯಕ್ಕಿಂತ (ಲೆಕ್ಕಪತ್ರದಂತೆ ಆಸ್ತಿಯಿಂದ ಸಾಲ ಕಳೆದರೆ ಒಂದು ಷೇರಿಗೆ ಬರುವ ಮೊತ್ತ) ಕೆಳಗೇ ಬಿದ್ದಿದೆ. "ಮಾರುಕಟ್ಟೆಗೆ ನಮ್ಮ ಬೆಲೆ ಗೊತ್ತಾಗುತ್ತಿಲ್ಲ" ಎಂದು ಆಡಳಿತದವರು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಸಣ್ಣ ಹೂಡಿಕೆದಾರರು ಎಷ್ಟೂಂತ ಕಾಯೋದು?

ವಾರ್ಷಿಕ ವರದಿ ಹಿಡಿದು ಕೂತೆ. ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ (ಆಸ್ತಿ ಸವೆಯುವ ವೆಚ್ಚ) ಕಳೆಯುವ ಮೊದಲಿನ ಲಾಭ, ನೋಡಿದರೆ ಖುಷಿಯಾಗುತ್ತದೆ. ಕ್ಯಾಶ್ ಫ್ಲೋ ಪುಟಕ್ಕೆ ಬಂದರೆ ಲೆಕ್ಕವೇ ಬೇರೆ. ಟವರ್, ಫೈಬರ್, ಸ್ಪೆಕ್ಟ್ರಮ್ ಕಂತು, ಬಡ್ಡಿ ಎಲ್ಲ ಕಳೆದ ಮೇಲೆ ಉಳಿಯುವುದು ಚೂರೇ ಚೂರು. ಎಬಿಟ್ಡಾ ಬಡ್ಡಿಯನ್ನೂ ಸವಕಳಿಯನ್ನೂ ಕಳೆಯುವುದಿಲ್ಲ, ಅಲ್ವಾ? ಈ ವ್ಯಾಪಾರದಲ್ಲಿ ದೊಡ್ಡ ಹೊರೆ ಅವೆರಡೇ. 2000ರಲ್ಲಿ ಬ್ರಿಟನ್ನಿನ 3ಜಿ ಹರಾಜಿನಲ್ಲಿ ಐದು ಲೈಸೆನ್ಸ್‌ಗಳಿಗೆ ಕಂಪನಿಗಳು ಸುಮಾರು 2,250 ಕೋಟಿ ಪೌಂಡ್ ಸುರಿದವು. ಆಮೇಲೆ 4ಜಿ ಬಂತು, 5ಜಿ ಬಂತು. ಪ್ರತಿ ಸಲವೂ ಹೊಸ ಖರ್ಚು.

ನನಗೆ ಗೊಂದಲವಿರುವುದು ಟವರ್ ಬಾಡಿಗೆಯ ವಿಷಯದಲ್ಲಿ. 2019ರಲ್ಲಿ ಜಾರಿಗೆ ಬಂದ ಐಎಫ್‌ಆರ್‌ಎಸ್ 16 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮದಂತೆ ಬಹುಪಾಲು ಬಾಡಿಗೆ ಈಗ ಸವಕಳಿ ಮತ್ತು ಬಡ್ಡಿಯಾಗಿ ಹೋಗುತ್ತದೆ. ಅದರಿಂದ ಎಬಿಟ್ಡಾ ಸುಮ್ನೆ ಉಬ್ಬುತ್ತದೆ. ಹಾಗಾದರೆ ಸಾಲದ ಲೆಕ್ಕಕ್ಕೆ ಲೀಸ್ ಬಾಕಿಯನ್ನೂ (ಮುಂದೆ ಕಟ್ಟಬೇಕಾದ ಬಾಡಿಗೆಯ ಇಂದಿನ ಮೌಲ್ಯ) ಸೇರಿಸಬೇಕಾ? ಇಲ್ಲವೇ ಬಾಡಿಗೆಯನ್ನು ಎಬಿಟ್ಡಾದಿಂದ ಕಳೆದು, ಬಾಕಿಯನ್ನು ಹೊರಗಿಡಬೇಕಾ? ಎರಡು ಥರ ಮಾಡಿದರೆ ಎರಡು ಉತ್ತರ ಬರುತ್ತಿದೆ.

ಇನ್ನೊಂದು, ಸಾಲ ತೀರಿಸುವುದನ್ನು ಬಿಟ್ಟು ಡಿವಿಡೆಂಡ್ ಕೊಡುವ ಕಂಪನಿಯನ್ನು ನಂಬಬಹುದಾ? ನನಗಂತೂ ಮೊದಲು ಸಾಲ ಇಳಿಯಲಿ ಅನ್ನಿಸುತ್ತದೆ. ಬ್ಯಾಲೆನ್ಸ್ ಶೀಟ್ ಓದಿ ಅಭ್ಯಾಸವಿರುವವರು ದಯವಿಟ್ಟು ನೀವು ಲೆಕ್ಕ ಹಾಕುವ ರೀತಿಯನ್ನು ಬಿಡಿಸಿ ಹೇಳಿ. "ಮಾರಿಬಿಡಿ", "ಇಟ್ಟುಕೊಳ್ಳಿ" ಎನ್ನುವ ಸಲಹೆ ಬೇಡ.