ಅಪ್‌ಡೇಟ್: ಏರಿಯಲ್ ಸಿಲ್ಕ್ ಫೋಟೋಶೂಟ್ ಮುಗಿಯಿತು

ಏರಿಯಲ್ ಸಿಲ್ಕ್ (ಮೇಲಿನಿಂದ ಇಳಿಬಿಟ್ಟ ಉದ್ದ ಬಟ್ಟೆ ಹಿಡಿದು ಗಾಳಿಯಲ್ಲಿ ಮಾಡುವ ಕಸರತ್ತು) ಫೋಟೋಶೂಟ್‌ಗೆ ಹೇಗೆ ತಯಾರಾಗಬೇಕು, ಏನು ಹಾಕಿಕೊಳ್ಳಬೇಕು ಅಂತ ಕೇಳಿದ್ದೆನಲ್ಲ, ಶೂಟ್ ಮುಗಿಯಿತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಭಂಗಿಗಳ ಕ್ರಮದ ಬಗ್ಗೆ ನೀವು ಹೇಳಿದ ಮಾತು. ತಲೆಕೆಳಗಾಗಿ ನೇತಾಡುವ, ತೋಳಿನ ಬಲ ಬೇಡುವ ಭಂಗಿಗಳನ್ನು ವಾರ್ಮ್‌ಅಪ್ ಆದ ಕೂಡಲೇ ಮುಗಿಸಿದೆ. ಕಾಲಿಗೆ ಬಟ್ಟೆ ಸುತ್ತಿಕೊಂಡು ಆರಾಮಾಗಿ ನಿಲ್ಲುವಂಥವು ಕೊನೆಗೆ. ಕ್ಲಾಸಿನಲ್ಲಾದರೆ ಭಂಗಿಗೆ ಹೋಗಿ ಇಳಿದುಬಿಡುತ್ತೇವೆ. ಇಲ್ಲಿ ಫೋಟೋಗ್ರಾಫರ್ ‘ಇನ್ನೊಂದು, ಗಲ್ಲ ಸ್ವಲ್ಪ ಮೇಲೆ’ ಅನ್ನುತ್ತಲೇ ಇರುತ್ತಾರೆ, ಅಷ್ಟರಲ್ಲಿ ಕೈ ಸೋತಿರುತ್ತದೆ. ಹಾಗಾಗಿ ಮೊದಲೇ ಮಾತಾಡಿಕೊಂಡಿದ್ದೆವು: ನಾನು ‘ಇಳೀತೀನಿ’ ಅಂದರೆ ಕ್ಯಾಮೆರಾ ಕೆಳಗೆ, ಚರ್ಚೆ ಇಲ್ಲ.

ಡ್ರಾಪ್‌ಗಳಿಗೆ (ಸುತ್ತಿಕೊಂಡ ಬಟ್ಟೆ ಬಿಚ್ಚಿಕೊಳ್ಳುತ್ತಾ ಸರ್ರನೆ ಕೆಳಗೆ ಬೀಳುವ ಚಲನೆಗಳಿಗೆ) ಶಟರ್ ವೇಗ 1/1000 ಸೆಕೆಂಡ್ ಇಟ್ಟಿದ್ದರು, ಬಟ್ಟೆಯ ಅಲೆ ಕೂಡ ಮಸುಕಾಗದೆ ಸಿಕ್ಕಿದೆ. ಲೋಷನ್ ಹಚ್ಚಲಿಲ್ಲ, ಕೈ ಜಾರಲೂ ಇಲ್ಲ. ಉಂಗುರ, ಜಿಪ್ ಇರುವ ಉಡುಪು ಬೇಡವೇ ಬೇಡ, ಸಿಲ್ಕ್ ಹರಿಯುತ್ತದೆ. ಮಂಡಿಯ ಹಿಂಭಾಗ ಮುಚ್ಚುವ ಲೆಗಿಂಗ್ಸ್ ಹಾಕಿದ್ದರಿಂದ ಚರ್ಮ ಉಜ್ಜಿಹೋಗಲಿಲ್ಲ.

ಒಬ್ಬರ ಸಲಹೆ ಮಾತ್ರ ಬೇಕೆಂದೇ ಪಾಲಿಸಲಿಲ್ಲ: ಫ್ರೇಮ್ ಚೆನ್ನಾಗಿ ಕಾಣಲೆಂದು ಕೆಳಗಿನ ಕ್ರ್ಯಾಶ್ ಮ್ಯಾಟ್ (ಬಿದ್ದರೆ ಪೆಟ್ಟು ತಗ್ಗಿಸಲು ಹಾಸುವ ದಪ್ಪ ಮೆತ್ತೆ) ತೆಗೆಸುವುದು. ಮ್ಯಾಟನ್ನು ಆಮೇಲೆ ಎಡಿಟಿಂಗ್‌ನಲ್ಲಿ ಅಳಿಸಬಹುದು, ನನ್ನ ಬೆನ್ನುಮೂಳೆಗೆ ಆ ಸೌಲಭ್ಯ ಇಲ್ಲ. ಫೋಟೋಗ್ರಾಫರ್ ಸ್ವಲ್ಪ ಗೊಣಗಿದರು, ಅಷ್ಟೇ.

ಅಂತಿಮ ಚಿತ್ರಗಳು ಇನ್ನೂ ಬರಬೇಕು. ಎಲ್ಲದರಲ್ಲೂ ಪಾದದ ಬೆರಳು ಚಾಚಿದ್ದೆನಾ ಅನ್ನುವುದೊಂದೇ ಈಗಿನ ಆತಂಕ.