ಸಹಾಯ ಬೇಕು: ‘ಯೂಸ್ಡ್ ಟು’ ಎಲ್ಲಿ, ಹೇಗೆ ಬಳಸಬೇಕು?

ಎಲ್ಲರಿಗೂ ನಮಸ್ಕಾರ. ಸೋಮವಾರ ನನ್ನ ತಂಗಿಗೆ ಕೆಲಸದ ಇಂಟರ್‌ವ್ಯೂ ಇದೆ. ‘ಯೂಸ್ಡ್ ಟು’ ವಿಷಯದಲ್ಲಿ ನಮ್ಮಿಬ್ಬರ ವಾದ ಮುಗಿಯುತ್ತಿಲ್ಲ.

‘ಐ ಯೂಸ್ಡ್ ಟು ವರ್ಕ್ ಅಟ್ ನೈಟ್’ ಅಂದರೆ ಮೊದಲು ರಾತ್ರಿ ಪಾಳಿ ಮಾಡುತ್ತಿದ್ದೆ, ಈಗ ಇಲ್ಲ. ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’ ಅಂದರೆ ರಾತ್ರಿ ಕೆಲಸ ನನಗೆ ರೂಢಿಯಾಗಿದೆ. ಇಲ್ಲಿಯವರೆಗೆ ಸರಿ, ಅಲ್ವಾ? ಆದರೆ ಎರಡನೆಯದರಲ್ಲಿ ‘ಟು’ ಆದಮೇಲೆ ‘ವರ್ಕ್’ ಬಿಟ್ಟು ‘ವರ್ಕಿಂಗ್’ ಯಾಕೆ ಬರುತ್ತದೆ? ಇದನ್ನು ಅವಳಿಗೆ ಬಿಡಿಸಿ ಹೇಳಲು ಆಗುತ್ತಿಲ್ಲ.

ಜಾಸ್ತಿ ಜಗಳ ಇರುವುದು ಈಗಿನ ಅಭ್ಯಾಸದ ಬಗ್ಗೆ. ‘ಡೈಲಿ ಐ ಯೂಸ್ಡ್ ಟು ಗೋ ಟು ಜಿಮ್’ ಅಂತ ನಮ್ಮ ಕಡೆ ತುಂಬಾ ಜನ ಹೇಳುತ್ತಾರೆ. ಈಗಲೂ ಹೋಗುತ್ತಿದ್ದರೆ ಸುಮ್ನೆ ‘ಐ ಗೋ’ ಸಾಕು ಅನ್ನುತ್ತೇನೆ ನಾನು. ‘ಎಲ್ಲರೂ ಹಾಗೇ ಮಾತಾಡ್ತಾರಲ್ಲ’ ಅನ್ನುತ್ತಾಳೆ ಅವಳು. ಅದೂ ಸುಳ್ಳಲ್ಲ ಬಿಡಿ!

ಇನ್ನೊಂದು ಸಣ್ಣ ಅನುಮಾನ. ‘ಡಿಡ್ ನಾಟ್’ ಜೊತೆ ಬರೆಯುವಾಗ ‘ಯೂಸ್ಡ್’ ಪದದ ಕೊನೆಯ ‘ಡಿ’ ಅಕ್ಷರ ಬಿಡಬೇಕಾ, ಇರಬೇಕಾ? ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ.

ಇಂಗ್ಲಿಷ್ ಪಾಠ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ವ್ಯಾಕರಣದ ದೊಡ್ಡ ಹೆಸರುಗಳು ಬೇಡ, ನಾಲ್ಕು ಉದಾಹರಣೆ ಕೊಟ್ಟರೆ ಸಾಕು.