1942ರ ಏಪ್ರಿಲ್ 9: ಯಾರ ಗಡಿಯಾರದ ಪ್ರಕಾರ?

ದಿನಚರಿ:
ಎರಡು ವರ್ಷದಿಂದ ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ಎರಡೂ ಮಹಾಯುದ್ಧಗಳಲ್ಲಿ ಹಿಂದೂ ಮಹಾಸಾಗರದಲ್ಲಿ ನಡೆದ ನೌಕಾ ಮತ್ತು ವಾಯು ಕಾರ್ಯಾಚರಣೆಗಳನ್ನು ದಿನದ ಲೆಕ್ಕದಲ್ಲಿ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಮೇಲೆ ತಾರೀಖು, ಕೆಳಗೆ ಆ ದಿನ ನಡೆದದ್ದು. ಜರ್ಮನಿಯ ಯುದ್ಧನೌಕೆ ಎಂಡೆನ್ 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳ ಮೇಲೆ ಗುಂಡು ಹಾರಿಸಿದ್ದು ಸಲೀಸಾಗಿ ಕೂತಿತು. ತಿಂಗಳು ಮುಂದೆ ಹೋಗುವುದರೊಳಗೆ ಸಿಕ್ಕಿಬಿದ್ದೆ. ಅದೇ ಎಂಡೆನ್ ಪೆನಾಂಗ್ ಬಂದರಿಗೆ ನುಗ್ಗಿ ರಷ್ಯಾದ ಝೆಮ್ಚುಗ್ ಅನ್ನುವ ಕ್ರೂಸರ್ ಯುದ್ಧನೌಕೆಯನ್ನು ಮುಳುಗಿಸಿದ್ದು ಅಕ್ಟೋಬರ್ 28. ರಷ್ಯನ್ನರ ದಾಖಲೆಯಲ್ಲಿ ಅದು ಅಕ್ಟೋಬರ್ 15! ಅವರಿನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರ್‌ನಲ್ಲೇ ಇದ್ದರು, ಹದಿಮೂರು ದಿನ ಹಿಂದೆ.

1942ಕ್ಕೆ ಬಂದರೆ ಇನ್ನೂ ಗೋಜಲು. ಏಪ್ರಿಲ್ 9ರಂದು ಸಿಲೋನಿನ (ಇಂದಿನ ಶ್ರೀಲಂಕಾ) ಪೂರ್ವ ಕರಾವಳಿಯ ಬಟ್ಟಿಕಲೋವಾ ಹತ್ತಿರ ಬ್ರಿಟನ್ನಿನ ವಿಮಾನವಾಹಕ ನೌಕೆ ಹರ್ಮಿಸ್ ಮುಳುಗಿತು. 307 ಜನ ಸತ್ತರು. ಬ್ರಿಟಿಷ್ ಕಡೆಯ ಬರಹದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸ್ವಲ್ಪ ಮುಂಚೆ. ಜಪಾನಿನ ಕಡೆಯದರಲ್ಲಿ ಮಧ್ಯಾಹ್ನ ಎರಡರ ಸುಮಾರು. ಜಪಾನಿನ ನೌಕಾಪಡೆ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಟೋಕಿಯೊ ಸಮಯದಲ್ಲೇ ಬರೆಯುತ್ತಿತ್ತು ಅಂತ ತಿಳಿಯಲು ನನಗೆ ವಾರ ಹಿಡಿಯಿತು.

ಹಾಗಾಗಿ ಎರಡು ಪ್ರಶ್ನೆ. ಇಡೀ ದಿನಚರಿಗೆ ಒಂದೇ ಗಡಿಯಾರ ಇಡಬೇಕೆ? ಎರಡೂ ಕಡೆಯವರು ಬೇರೆ ಬೇರೆ ಹೇಳಿದಾಗ ಯಾರ ಮಾತು ಬರೆಯಬೇಕು?

ಅಂಕಿರೇಖೆ:
ಒಂದೇ ಗಡಿಯಾರ, ಗ್ರೀನಿಚ್ ಸಮಯ. ಇದರಲ್ಲಿ ಎರಡು ಮಾತಿಲ್ಲ.

ಪರ್ಲ್ ಹಾರ್ಬರ್ ಮೇಲೆ ದಾಳಿ ಶುರುವಾಗಿದ್ದು 1941ರ ಡಿಸೆಂಬರ್ 7, ಬೆಳಿಗ್ಗೆ 7:48. ಹವಾಯಿ ಆಗ ಗ್ರೀನಿಚ್‌ಗಿಂತ ಹತ್ತೂವರೆ ಗಂಟೆ ಹಿಂದೆ, ಅಂದರೆ ಗ್ರೀನಿಚ್‌ನಲ್ಲಿ ಸಂಜೆ 6:18. ಮಲಯದ ಕೋಟ ಭರುವಿನಲ್ಲಿ ಜಪಾನಿನ ಸೈನಿಕರು ದಡಕ್ಕಿಳಿದದ್ದು ಡಿಸೆಂಬರ್ 8, ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ. ತಾರೀಖು ನೋಡಿದವರು ಪರ್ಲ್ ಹಾರ್ಬರ್ ಮೊದಲು ಅನ್ನುತ್ತಾರೆ. ಮಲಯ ಗ್ರೀನಿಚ್‌ಗಿಂತ ಏಳೂವರೆ ಗಂಟೆ ಮುಂದೆ. ಲೆಕ್ಕ ಹಾಕಿ, ಕೋಟ ಭರು ಒಂದು ಗಂಟೆಗೂ ಮೊದಲೇ ಆಗಿಹೋಗಿದೆ. ಸ್ಥಳೀಯ ತಾರೀಖನ್ನು ನಂಬಿ ಬರೆದ ದಿನಚರಿ ಯುದ್ಧದ ಮೊದಲ ದಿನವನ್ನೇ ತಲೆಕೆಳಗೆ ಮಾಡುತ್ತದೆ.

ಹಳೆಪುಟ:
ಅಂಕಿರೇಖೆ ಮೇಡಂ, ಲೆಕ್ಕ ಸರಿ. ಆದರೆ ಗ್ರೀನಿಚ್ ಸಮಯದಲ್ಲಿ ಯಾರೂ ಬದುಕಿರಲಿಲ್ಲ. ಸಂಜೆ 6:18 ಅಂತ ಬರೆದರೆ ಅದು ಭಾನುವಾರದ ಬೆಳಿಗ್ಗೆ, ನಾವಿಕರು ತಿಂಡಿಗೆ ಕೂರುವ ಹೊತ್ತು, ಡೆಕ್ ಮೇಲೆ ಬಾವುಟ ಏರಿಸಲು ತಯಾರಿ ನಡೆದಿತ್ತು ಅಂತ ಓದುಗನಿಗೆ ಹೊಳೆಯುವುದು ಹೇಗೆ? ಸೂರ್ಯ ಎಲ್ಲಿದ್ದ ಅನ್ನುವುದೇ ಕಡಲ ಮೇಲಿನ, ಆಕಾಶದ ಮೇಲಿನ ಯುದ್ಧದ ಅರ್ಧ ಕಥೆ.

ನನ್ನ ದೊಡ್ಡ ತಕರಾರು ಬೇರೆ ಇದೆ. ದಿನದಿನದ ಪಟ್ಟಿ ಇತಿಹಾಸ ಆಗುವುದಿಲ್ಲ. ಜರ್ಮನ್ ನೌಕಾಪಡೆ 1942ರ ಫೆಬ್ರವರಿ 1ರಂದು ಅಟ್ಲಾಂಟಿಕ್‌ನ ಯು-ಬೋಟ್‌ಗಳಿಗೆ, ಅಂದರೆ ತನ್ನ ಸಬ್‌ಮರೀನ್‌ಗಳಿಗೆ, ನಾಲ್ಕು ರೋಟರಿನ (ತಿರುಗುವ ಚಕ್ರದ) ಎನಿಗ್ಮಾ ಗೂಢಲಿಪಿ ಯಂತ್ರ ಕೊಟ್ಟಿತು. ಗೂಢಲಿಪಿ ಒಡೆಯುತ್ತಿದ್ದ ಬ್ರಿಟನ್ನಿನ ಬ್ಲೆಚ್ಲಿ ಪಾರ್ಕಿನವರಿಗೆ ಡಿಸೆಂಬರ್‌ವರೆಗೂ ಆ ಸಂದೇಶಗಳನ್ನು ಓದಲಾಗಲಿಲ್ಲ. ಆ ಹತ್ತು ತಿಂಗಳ ಕತ್ತಲೆಯನ್ನು ಯಾವ ತಾರೀಖಿನ ಕೆಳಗೆ ಬರೆಯುತ್ತೀರಿ? ಅದು ಯಾವ ದಿನವೂ ನಡೆಯಲಿಲ್ಲ, ಎಲ್ಲ ದಿನವೂ ನಡೆಯಿತು. ನಿಮ್ಮ ಪಟ್ಟಿಯಲ್ಲಿ ಮುಳುಗಿದ ಹಡಗುಗಳ ಹೆಸರು ಮಾತ್ರ ಉಳಿಯುತ್ತದೆ.

ಬ್ರಿಜ್_ವಾಚ್:
ವ್ಯಾಪಾರಿ ಹಡಗುಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು ನಾನು. ಯುದ್ಧ ನೋಡಿಲ್ಲ, ಲಾಗ್ (ಹಡಗಿನ ದಿನದ ದಾಖಲೆ ಪುಸ್ತಕ) ಬರೆದಿದ್ದೇನೆ. ಲಾಗ್ ಹೇಗೆ ಹುಟ್ಟುತ್ತದೆ ಅಂತ ಗೊತ್ತಿಲ್ಲದೆ ಅದರ ನಿಮಿಷಗಳನ್ನು ನಂಬಬೇಡಿ.

ನಾಲ್ಕು ಗಂಟೆಯ ವಾಚ್ (ಕಾವಲು ಪಾಳಿ) ಮುಗಿಸಿ ಇಳಿಯುವವನು, ಆ ನಾಲ್ಕು ಗಂಟೆಯದನ್ನು ಕೊನೆಗೆ ಕೂತು ಬರೆಯುತ್ತಾನೆ. ಆ ಕ್ಷಣಕ್ಕೆ ಗೀಚಿದ್ದು ಕಚ್ಚಾ ಪುಸ್ತಕದಲ್ಲಿರುತ್ತದೆ, ಆಮೇಲೆ ಅದು ಅಂದದ ಅಕ್ಷರದಲ್ಲಿ ಪಕ್ಕಾ ಪುಸ್ತಕಕ್ಕೆ ಏರುತ್ತದೆ. ಪಶ್ಚಿಮಕ್ಕೆ ಹೋಗುವಾಗ ರಾತ್ರಿ ಗಡಿಯಾರ ಹಿಂದಕ್ಕೆ ತಿರುಗಿಸುತ್ತೇವೆ. ಒಮ್ಮೆ ಬಂದರಿನೊಳಗೆ ನಮ್ಮ ಹಡಗು ಧಕ್ಕೆಗೆ ತಾಗಿತು. ವಿಚಾರಣೆಯಲ್ಲಿ ಹಡಗು ನಡೆಸುವ ಬ್ರಿಜ್‌ನ ಬೆಲ್ ಬುಕ್ಕನ್ನೂ (ಎಂಜಿನ್ನಿಗೆ ಕೊಟ್ಟ ಆರ್ಡರ್‌ಗಳ ಪುಸ್ತಕ) ಎಂಜಿನ್ ರೂಮಿನ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟರು. 'ಫುಲ್ ಅಸ್ಟರ್ನ್' (ಪೂರ್ತಿ ವೇಗದಲ್ಲಿ ಹಿಂದಕ್ಕೆ) ಅಂತ ನಾವು ಆರ್ಡರ್ ಕೊಟ್ಟದ್ದಕ್ಕೂ ಅವರಿಗೆ ಮುಟ್ಟಿದ್ದಕ್ಕೂ ನಾಲ್ಕು ನಿಮಿಷದ ಅಂತರ! ಯಾರೂ ಸುಳ್ಳು ಬರೆದಿರಲಿಲ್ಲ. ಎರಡು ಗೋಡೆ ಗಡಿಯಾರಗಳನ್ನು ಆ ಬೆಳಿಗ್ಗೆ ಹೊಂದಿಸುವುದು ಮರೆತಿತ್ತು. ಶಾಂತಿಕಾಲದಲ್ಲಿ, ಒಂದೇ ಹಡಗಿನೊಳಗೆ ಇಷ್ಟು. ಬಾಂಬು ಬೀಳುವ ಹಡಗಿನಲ್ಲಿ, ಲಾಗೇ ಮುಳುಗಿಹೋದ ಮೇಲೆ, ಬದುಕಿದವರು ನೆನಪಿನಿಂದ ಹೇಳಿದ '10:35' ಎಷ್ಟು ಗಟ್ಟಿ?

ಬ್ರಿಟಿಷ್ ಯುದ್ಧನೌಕೆಗಳ ಲಾಗ್‌ನಲ್ಲಿ ಗಟ್ಟಿಯಾಗಿರುವುದು ಬೇರೆ. ಬೆಳಿಗ್ಗೆ 8, ಮಧ್ಯಾಹ್ನ 12, ರಾತ್ರಿ 8ಕ್ಕೆ ಹಡಗು ಇದ್ದ ಅಕ್ಷಾಂಶ ರೇಖಾಂಶ. ಗಾಳಿ, ಬ್ಯಾರೋಮೀಟರ್. ಮೊದಲ ಮಹಾಯುದ್ಧದ ಲಾಗ್‌ಗಳಲ್ಲಿ ಆ ದಿನ ಕಾಯಿಲೆ ಬಿದ್ದವರ ಸಂಖ್ಯೆಯೂ ಇದೆ. ಅಲ್ಲಿಂದ ಶುರುಮಾಡಿ.

ದಿನಚರಿ:
ಸರ್, ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಬ್ರಿಟಿಷ್ ವಾಯುಪಡೆಯ ಸ್ಕ್ವಾಡ್ರನ್ ದಾಖಲೆಗಳಲ್ಲೂ ಹೀಗೇ ಕಂಡಿದ್ದೇನೆ. ಫಾರಂ 540ರಲ್ಲಿ ದಿನದ ಸಾರಾಂಶ, 541ರಲ್ಲಿ ಯಾವ ವಿಮಾನ, ಯಾರು ಹಾರಿಸಿದರು, ಎಷ್ಟಕ್ಕೆ ಏರಿತು, ಎಷ್ಟಕ್ಕೆ ಇಳಿಯಿತು. ಕೆಲವು ಕಡೆ ಇಡೀ ತಿಂಗಳನ್ನು ಒಟ್ಟಿಗೆ ಕೂತು ಟೈಪ್ ಮಾಡಿದ್ದು ಎದ್ದು ಕಾಣುತ್ತದೆ. 540ರಲ್ಲಿ ಒಂದು ತಾರೀಖು, 541ರಲ್ಲಿ ಮರುದಿನ.

ರಾತ್ರಿ ಹಾರಾಟಕ್ಕೆ ಇನ್ನೊಂದು ತೊಡಕು. ಜರ್ಮನಿಯ ಅಣೆಕಟ್ಟುಗಳ ಮೇಲಿನ ದಾಳಿಯ ವಿಮಾನಗಳು 1943ರ ಮೇ 16ರ ರಾತ್ರಿ ಏರಿ 17ರ ಬೆಳಗಿನ ಜಾವ ಇಳಿದವು. ಬಾಂಬರ್ ಕಮಾಂಡಿನವರು 16/17 ಅಂತ ಎರಡೂ ಬರೆದು ಬಗೆಹರಿಸಿಕೊಂಡರು. ನಾನೂ ಹಾಗೇ ಮಾಡುತ್ತೇನೆ.

ಅಂಕಿರೇಖೆ:
ಬ್ರಿಜ್ ವಾಚ್ ಸರ್ ಹೇಳಿದ್ದು ಒಪ್ಪುತ್ತೇನೆ, ಅದು ನನ್ನ ವಾದವನ್ನು ಬೀಳಿಸುವುದಿಲ್ಲ. ಗ್ರೀನಿಚ್ ಸಮಯ ಸಾಲುಗಳನ್ನು ಜೋಡಿಸಲು. ಪಕ್ಕದ ಕಾಲಂನಲ್ಲಿ ಮೂಲ ದಾಖಲೆಯಲ್ಲಿ ಇದ್ದ ಹಾಗೇ ಸಮಯ, ಅದು ಯಾರ ಗಡಿಯಾರ ಅನ್ನುವುದರ ಜೊತೆಗೆ. ಇದು ಇಲ್ಲದಿದ್ದರೆ ಬ್ರಿಟಿಷ್, ಜರ್ಮನ್ ನೌಕಾಪಡೆಗಳ ನಡುವಿನ 1916ರ ಜಟ್‌ಲೆಂಡ್ ಕದನವನ್ನೇ ಜೋಡಿಸಲಾಗದು. ಬ್ರಿಟಿಷರು ಗ್ರೀನಿಚ್ ಸಮಯದಲ್ಲಿ, ಜರ್ಮನರು ಅದಕ್ಕಿಂತ ಎರಡು ಗಂಟೆ ಮುಂದೆ. ಆ ವಸಂತದಲ್ಲೇ ಜರ್ಮನಿ ಬೇಸಿಗೆ ಸಮಯ ಜಾರಿಗೆ ತಂದಿತ್ತು. ನಮ್ಮ ಭಾರತದ ಗಡಿಯಾರವೂ ಹಾಗೇ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ಇದನ್ನು ಮರೆತು ಐದೂವರೆ ಗಂಟೆ ಕಳೆದವರ ಲೆಕ್ಕಗಳನ್ನು ನಾನೇ ತಿದ್ದಿದ್ದೇನೆ.

ಎರಡನೇ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತ. ನಷ್ಟವನ್ನು ನಷ್ಟವಾದವರ ಪುಸ್ತಕದಿಂದಲೇ ತೆಗೆದುಕೊಳ್ಳಿ. 1940ರ ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನ ಕೆಡವಿದೆವು ಅಂತ ಬ್ರಿಟನ್ ಸಾರಿತು. ಜರ್ಮನರ ಸ್ವಂತ ನಷ್ಟದ ಪಟ್ಟಿ ನೋಡಿದರೆ ಸುಮಾರು 60. ಅಮೆರಿಕದ ಸಬ್‌ಮರೀನ್‌ಗಳು ಯುದ್ಧದುದ್ದಕ್ಕೂ ಒಂದು ಕೋಟಿ ಟನ್ ಜಪಾನಿ ಹಡಗು ಮುಳುಗಿಸಿದೆವು ಅಂದುಕೊಂಡಿದ್ದವು. 1947ರಲ್ಲಿ ಸೇನೆ, ನೌಕಾಪಡೆಗಳ ಜಂಟಿ ಸಮಿತಿ ತಾಳೆ ಹಾಕಿದಾಗ ಉಳಿದದ್ದು ಸುಮಾರು 53 ಲಕ್ಷ ಟನ್. ಮೋಸ ಅಲ್ಲ. ಒಂದೇ ವಿಮಾನಕ್ಕೆ ಮೂರು ಜನ ಗುಂಡು ಹೊಡೆದು, ಮೂವರೂ ಅದು ಹೊಗೆ ಬಿಡುತ್ತಾ ಮೋಡದೊಳಗೆ ಇಳಿದದ್ದನ್ನು ಕಂಡರೆ ಪುಸ್ತಕದಲ್ಲಿ ಮೂರಾಗುತ್ತದೆ.

ಹಳೆಪುಟ:
ನಷ್ಟವಾದವರ ಪುಸ್ತಕ ಉಳಿದಿದ್ದರೆ ತಾನೆ? ಜಪಾನಿನವರು 1945ರ ಆಗಸ್ಟ್‌ನಲ್ಲಿ ಕಟ್ಟುಗಟ್ಟಲೆ ಕಾಗದ ಸುಟ್ಟರು. ಜರ್ಮನ್ ವಾಯುಪಡೆಯದೂ ಬಹುಪಾಲು ಬೂದಿ. ಇನ್ನು ಕೆಲವು ಸಲ ಸೋತವನಿಗೂ ಗೊತ್ತಿರುವುದಿಲ್ಲ. ಯು-47 ಸಬ್‌ಮರೀನ್ 1941ರ ಮಾರ್ಚ್‌ನಲ್ಲಿ ಕಾಣೆಯಾಯಿತು. ಬ್ರಿಟಿಷ್ ವಿಧ್ವಂಸಕ ನೌಕೆ ವುಲ್ವರಿನ್ ಅದನ್ನು ಮುಳುಗಿಸಿತು ಅಂತ ದಶಕಗಟ್ಟಲೆ ಪಟ್ಟಿಗಳಲ್ಲಿ ಇತ್ತು. ಆಮೇಲೆ ನೋಡಿದರೆ ವುಲ್ವರಿನ್ ಹೊಡೆದದ್ದು ಯುಎ ಅನ್ನುವ ಬೇರೆಯದೇ ಸಬ್‌ಮರೀನಿಗೆ, ಅದು ಏಟು ತಿಂದು ಮನೆ ಸೇರಿತ್ತು. ಯು-47 ಯಾವ ದಿನ, ಹೇಗೆ ಹೋಯಿತು ಅಂತ ಇವತ್ತಿಗೂ ಯಾರಿಗೂ ತಿಳಿದಿಲ್ಲ. ದಿನಚರಿಯಲ್ಲಿ ಅದಕ್ಕೆ ಮನೆಯೇ ಇಲ್ಲ!

ಇನ್ನು ಗಂಟೆ ಗಂಟೆಯ ಲೆಕ್ಕ ಎಲ್ಲರನ್ನೂ ಒಪ್ಪಿಸುತ್ತದೆ ಅಂದುಕೊಳ್ಳಬೇಡಿ. ಜಟ್‌ಲೆಂಡಿನ ಕ್ರಮವಾರು ದಾಖಲೆ ತಯಾರಿಸಲು 1919ರಲ್ಲಿ ಕ್ಯಾಪ್ಟನ್ ಹಾರ್ಪರ್ ಅವರನ್ನು ನೇಮಿಸಿದರು. ಕದನದ ಸಂಜೆ ಬ್ರಿಟಿಷ್ ಅಡ್ಮಿರಲ್ ಬೀಟಿಯ ಲಯನ್ ಹಡಗು ಪೂರ್ತಿ ಒಂದು ಸುತ್ತು ತಿರುಗಿತು ಅಂತ ನಕ್ಷೆ ತೋರಿಸಿತು. ಬೀಟಿ ಹಾಗೆ ತಿರುಗಲೇ ಇಲ್ಲ ಅಂದರು. ಅಷ್ಟು ಹೊತ್ತಿಗೆ ಅವರೇ ನೌಕಾಪಡೆಯ ಮುಖ್ಯಸ್ಥರು. ದಾಖಲೆ ಹೊರಬಂದದ್ದು 1927ರಲ್ಲಿ.

ಬ್ರಿಜ್_ವಾಚ್:
ಎರಡೂ ಕಡೆಯವರು ತಮ್ಮ ಕಣ್ಣಿಗೆ ಕಂಡದ್ದನ್ನೇ ಹೇಳಿಯೂ ತಾಳೆಯಾಗದ ಒಂದು ದಿನ ನಮ್ಮದೇ ಇದೆ. 1942ರ ನವೆಂಬರ್ 11, ಕೋಕೋಸ್ ದ್ವೀಪಗಳ ನೈಋತ್ಯದಲ್ಲಿ. ರಾಯಲ್ ಇಂಡಿಯನ್ ನೇವಿಯ ಪುಟ್ಟ ಹಡಗು ಬೆಂಗಾಲ್, ಜೊತೆಗೆ ಡಚ್ ಟ್ಯಾಂಕರ್ ಒಂಡಿನಾ. ಎದುರಿಗೆ ಹೊಕೊಕು ಮಾರು, ಐಕೊಕು ಮಾರು, ಒಂದೊಂದೂ ಹತ್ತು ಸಾವಿರ ಟನ್ ದಾಟಿದ ಜಪಾನಿ ದಾಳಿ ಹಡಗುಗಳು. ಬೆಂಗಾಲ್ ಓಡಲಿಲ್ಲ, ನೇರ ಅವುಗಳ ಕಡೆಗೇ ತಿರುಗಿತು. ಹೊಕೊಕು ಮಾರು ಸ್ಫೋಟಿಸಿ ಮುಳುಗಿತು. ಆ ಗುಂಡು ನಮ್ಮದು ಅಂತ ಬೆಂಗಾಲ್‌ನವರು, ನಮ್ಮದು ಅಂತ ಒಂಡಿನಾದವರು. ಒಂಡಿನಾ ಮುಳುಗಿತು ಅಂತಲೇ ಬೆಂಗಾಲ್ ನಂಬಿ ದೂರ ಸಾಗಿತು. ಕ್ಯಾಪ್ಟನ್ನನ್ನು ಕಳೆದುಕೊಂಡಿದ್ದ ಒಂಡಿನಾ ಕೆಲವು ದಿನದ ಮೇಲೆ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿಗೆ ತಾನೇ ಬಂದು ನಿಂತಿತು.

ಆ ದಿನದ ಕೆಳಗೆ ತೀರ್ಪು ಬರೆಯಬೇಡಿ. ಬೆಂಗಾಲ್ ಹೀಗೆ ಹೇಳಿತು, ಒಂಡಿನಾ ಹೀಗೆ ಹೇಳಿತು ಅಂತ ಎರಡೂ ಇಡಿ.

ಕಡಲಮೊಮ್ಮಗಳು:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಮ್ಮ ಅಜ್ಜ ಆ ವರ್ಷಗಳಲ್ಲಿ ಬ್ರಿಟಿಷ್ ಸರಕು ಹಡಗಿನ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುತ್ತಿದ್ದವರು. ಅವರ ಹಡಗಿಗೆ ಟಾರ್ಪೆಡೊ ಬೀಳಲಿಲ್ಲ, ಅದು ಯಾವ ಕದನದಲ್ಲೂ ಇರಲಿಲ್ಲ. ಅಮ್ಮನ ಹತ್ತಿರ ಅವರ ಸೇವಾ ಪುಸ್ತಕ ಇದೆ. ಹತ್ತಿದ ತಾರೀಖು, ಇಳಿದ ತಾರೀಖು, ಎರಡು ಠಸ್ಸೆ. ನಡುವಿನ ಹದಿನಾಲ್ಕು ತಿಂಗಳು ಖಾಲಿ.

ಭಾರತದ ವ್ಯಾಪಾರಿ ನಾವಿಕರು ಸುಮಾರು 6,000 ಮಂದಿ ಆ ಯುದ್ಧದಲ್ಲಿ ಸತ್ತರು. ಅವರ ಹೆಸರು ಮುಂಬಯಿ ಮತ್ತು ಚಿತ್ತಗಾಂಗ್‌ನಲ್ಲಿಟ್ಟ ಪುಸ್ತಕಗಳಲ್ಲಿದೆ. ನಿಮ್ಮೆಲ್ಲರ ಚರ್ಚೆಯಲ್ಲಿ ಕ್ಯಾಪ್ಟನ್ನರು, ಪೈಲಟ್‌ಗಳು ಇದ್ದಾರೆ. ಏನೂ ನಡೆಯದ ದಿನಗಳಿಗೆ ನಿಮ್ಮ ದಿನಚರಿಯಲ್ಲಿ ಜಾಗ ಇದೆಯೇ ಅಂತ ನನ್ನ ಪ್ರಶ್ನೆ. ನನ್ನ ಅಜ್ಜ ಇದ್ದದ್ದು ಆ ದಿನಗಳಲ್ಲಿ.

ದಿನಚರಿ:
ಮೇಡಂ, ಖಾಲಿ ದಿನಗಳನ್ನು ನಾನು ಇಲ್ಲಿಯವರೆಗೆ ಬಿಟ್ಟುಬಿಡುತ್ತಿದ್ದೆ. ನಿಮ್ಮ ಮಾತು ಓದಿ ನಿನ್ನೆ ರಾತ್ರಿ 1942ರ ಏಪ್ರಿಲ್ ಮತ್ತೆ ತೆರೆದೆ. ಹಳೆಪುಟ ಸರ್ ಕೇಳಿದ್ದಕ್ಕೂ ಉತ್ತರ ಅಲ್ಲೇ ಸಿಕ್ಕಿತು.

ಸಿಲೋನ್ ಮೇಲೆ ಏಪ್ರಿಲ್ 1ರ ಸುಮಾರಿಗೆ ದಾಳಿ ಆಗುತ್ತದೆ ಅನ್ನುವ ಗುಪ್ತ ಮಾಹಿತಿ ಬ್ರಿಟಿಷರಿಗೆ ಇತ್ತು. ಅಡ್ಮಿರಲ್ ಸಾಮರ್‌ವಿಲ್ ನೌಕಾಪಡೆಯನ್ನು ದ್ವೀಪದ ದಕ್ಷಿಣಕ್ಕೆ ತಂದು ಕಾದರು. ಏಪ್ರಿಲ್ 1, ಯಾರೂ ಬರಲಿಲ್ಲ. 2, ಯಾರೂ ಬರಲಿಲ್ಲ. ನೀರು, ಇಂಧನ ತೀರುತ್ತಾ ಬಂತು. ಮಾಹಿತಿಯೇ ತಪ್ಪಿರಬೇಕು ಅಂದುಕೊಂಡು ಪಡೆ ಮಾಲ್ಡೀವ್ಸ್‌ನ ಅಡ್ಡು ಹವಳದ್ವೀಪಕ್ಕೆ ಹೊರಟಿತು. ಕಾರ್ನ್‌ವಾಲ್, ಡಾರ್ಸೆಟ್‌ಶೈರ್ ಕ್ರೂಸರ್‌ಗಳನ್ನು ಕೊಲಂಬೊಗೆ, ಹರ್ಮಿಸನ್ನು ಸಿಲೋನಿನದೇ ಟ್ರಿಂಕಾಮಲಿ ಬಂದರಿಗೆ ಕಳಿಸಿದರು. 4ರಂದು ಬರ್ಚಲ್ ಅನ್ನುವ ಕೆನಡಾದ ಅಧಿಕಾರಿಯ ಕ್ಯಾಟಲೀನಾ ವಿಮಾನ ಇಡೀ ದಿನ ಹುಡುಕಿ, ಸಂಜೆ ಜಪಾನಿನ ಪಡೆಯನ್ನು ಕಂಡು, ಸಂದೇಶ ಕಳಿಸುತ್ತಿರುವಾಗಲೇ ಉರುಳಿತು. 5ರಂದು ಕೊಲಂಬೊ ಮೇಲೆ ದಾಳಿ, ಎರಡೂ ಕ್ರೂಸರ್ ಮುಳುಗಡೆ. 9ರಂದು ಹರ್ಮಿಸ್. ಕದನದ ದಿನಗಳನ್ನಷ್ಟೇ ಬರೆದಾಗ ಆ ಹಡಗುಗಳು ಅಲ್ಲಿ ಒಂಟಿಯಾಗಿ ಯಾಕಿದ್ದವು ಅಂತಲೇ ಗೊತ್ತಾಗುತ್ತಿರಲಿಲ್ಲ. ಏನೂ ನಡೆಯದ ಆ ದಿನಗಳೇ ಅವನ್ನು ಅಲ್ಲಿಗೆ ತಂದು ನಿಲ್ಲಿಸಿದ್ದವು.

ಹಳೆಪುಟ:
ಇದನ್ನು ಒಪ್ಪುತ್ತೇನೆ. 'ಕಾದರು, ಬರಲಿಲ್ಲ' ಅಂತ ಬರೆಯುವ ದಿನಚರಿಯಾದರೆ ನನ್ನ ತಕರಾರು ಅರ್ಧ ಕರಗಿತು. ಎನಿಗ್ಮಾದ ಪ್ರಶ್ನೆ ಇನ್ನೂ ಹಾಗೇ ಇದೆ. ಅದಕ್ಕೆ ಪ್ರತಿ ತಿಂಗಳ ತಲೆಗೆ ಒಂದು ಟಿಪ್ಪಣಿ ಬೇಕು. ಆಗ ಯಾರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಅಂತ.

ದಿನಚರಿ:
ಬರೆಯುತ್ತೇನೆ ಸರ್. ತಿದ್ದಿದ ನಮೂದು ಹೀಗಿದೆ, ದಯವಿಟ್ಟು ನೋಡಿ.

'1942, ಏಪ್ರಿಲ್ 9, ಗುರುವಾರ. ಬೆಳಿಗ್ಗೆ ಟ್ರಿಂಕಾಮಲಿ ಮೇಲೆ ಜಪಾನಿ ವಿಮಾನ ದಾಳಿ. ದಾಳಿಯ ಮುನ್ಸೂಚನೆ ಸಿಕ್ಕಿ ಹಿಂದಿನ ರಾತ್ರಿಯೇ ಬಂದರು ಬಿಟ್ಟಿದ್ದ ಹರ್ಮಿಸ್ ಬಟ್ಟಿಕಲೋವಾ ಬಳಿ ಮುಳುಗಡೆ. ಸಿಲೋನ್ ಸಮಯ ಹನ್ನೊಂದಕ್ಕೆ ಸ್ವಲ್ಪ ಮುಂಚೆ, ಟೋಕಿಯೊ ಸಮಯ ಮಧ್ಯಾಹ್ನ ಎರಡರ ಸುಮಾರು, ಗ್ರೀನಿಚ್ ಬೆಳಗಿನ ಐದರ ಸುಮಾರು. ಹಡಗಿನಲ್ಲಿ ತನ್ನ ವಿಮಾನಗಳು ಇರಲಿಲ್ಲ. ಜೊತೆಗಿದ್ದ ಆಸ್ಟ್ರೇಲಿಯಾದ ವಿಧ್ವಂಸಕ ನೌಕೆ ವ್ಯಾಂಪೈರ್, ಹತ್ತಿರದಲ್ಲಿದ್ದ ಅಥೆಲ್‌ಸ್ಟೇನ್ ಮತ್ತು ಬ್ರಿಟಿಷ್ ಸಾರ್ಜೆಂಟ್ ಎಂಬ ಹೆಸರಿನ ಟ್ಯಾಂಕರ್‌ಗಳೂ ಮುಳುಗಡೆ. 11ನೇ ಸ್ಕ್ವಾಡ್ರನ್ನಿನ 9 ಬ್ಲೆನ್‌ಹೈಮ್ ವಿಮಾನಗಳು ಜಪಾನಿ ಪಡೆಯ ಮೇಲೆ ಬಾಂಬು ಹಾಕಲು ಹೋದವು, 5 ಮರಳಲಿಲ್ಲ.'

ಬ್ರಿಜ್_ವಾಚ್:
ಹಾಲಿಹಾಕ್ ಬಿಟ್ಟಿದ್ದೀರಿ. ಅದು ಕಾರ್ವೆಟ್ (ಪುಟ್ಟ ಯುದ್ಧನೌಕೆ), ಅಥೆಲ್‌ಸ್ಟೇನ್‌ಗೆ ಬೆಂಗಾವಲಾಗಿ ಬಂದಿತ್ತು. ಅದೂ ಅದೇ ದಿನ, ಅದೇ ನೀರಿನಲ್ಲಿ ಮುಳುಗಿತು.

ದಿನಚರಿ:
ಸೇರಿಸಿದೆ ಸರ್. ವ್ಯಾಂಪೈರ್ ಆದ ಮೇಲೆ, ಟ್ಯಾಂಕರ್‌ಗಳಿಗಿಂತ ಮೊದಲು.